ಹುಬ್ಬಿರುವ ನಾಯಿಯ ಹಕ್ಕುದಾರ

ಅದು ಶುರುವಾದದ್ದು ಒಂದು ಕಡುಬೇಸಿಗೆಯ ಮಧ್ಯಾಹ್ನ. ಬೀದಿಯ ಅಂಗಡಿಯವರೆಲ್ಲ ಉಂಡು, ಷಟರ್ ಅರ್ಧಕ್ಕೆ ಎಳೆದು, ಗಲ್ಲಾಪೆಟ್ಟಿಗೆಯ ಮೇಲೆಯೇ ಕೆನ್ನೆಯಿಟ್ಟು ತೂಕಡಿಸುವ ಹೊತ್ತು. ನಾನು ನನ್ನ ಬೀಗ ರಿಪೇರಿ ಅಂಗಡಿಯಲ್ಲಿ ಕೂತು ಯಾರದೋ ಕಪಾಟಿಗೆ ಹೊಸ ಕೀಲಿಕೈ ಉಜ್ಜುತ್ತಿದ್ದೆ. ಎದುರು ಸಾಲಿನ ಬೋರ್ಡ್ ಪೇಂಟರ್ ಚಪ್ಪಲಿ ಮರೆತು, ಕಾದ ರಸ್ತೆಯ ಮೇಲೆ ಕುಣಿಯುತ್ತಾ ಓಡಿಬಂದ. ಅವನು ಓಡಿದ್ದನ್ನು ಬೀದಿ ಯಾವತ್ತೂ ನೋಡಿರಲಿಲ್ಲ. ಪಕ್ಕದ ದರ್ಜಿ ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡು ಹೊಲಿಗೆ ಯಂತ್ರ ತಬ್ಬಿಕೊಂಡೇ ಹೊರಗೆ ಬಂದ.

“ಅಣ್ಣಾ, ನನ್ನ ನಾಯೀನ ಕದ್ದುಬಿಟ್ರು!” ಎಂದ ಪೇಂಟರ್.

ಅವನು ನಾಯಿ ಸಾಕಿದವನಲ್ಲ. ಕೈಯಲ್ಲಿ ಅಂಗೈಯಗಲದ ಒಂದು ಸ್ಟಿಕ್ಕರ್ ಇತ್ತು. ‘ನಾಯಿ ಇದೆ, ಎಚ್ಚರಿಕೆ’ ಎಂಬ ಅಕ್ಷರ, ಕೆಳಗೆ ನಾಯಿಯ ಮುಖ. ಒಂದು ಹುಬ್ಬು ಮೇಲಕ್ಕೇರಿದೆ, ಕೆಳದವಡೆ ಮುಂದಕ್ಕೆ ಬಂದಿದೆ, ಕಣ್ಣಿನಲ್ಲಿ ‘ನೀನು ಯಾಕೆ ಬಂದಿದೀಯ ಅಂತ ನನಗೆ ಗೊತ್ತು’ ಎನ್ನುವ ನೋಟ. ಆ ನಾಯಿ ಅವನದೇ. ಊರಿಗೆಲ್ಲ ಗೊತ್ತಿರುವ ನಾಯಿ. ಆದರೆ ಸ್ಟಿಕ್ಕರಿನ ಮೂಲೆಯಲ್ಲಿ ಇದ್ದದ್ದು ಬಸ್ ನಿಲ್ದಾಣದ ಹತ್ತಿರದ ಸ್ಟಿಕ್ಕರ್ ಅಂಗಡಿಯ ಹೆಸರು.

ಈ ನಾಯಿ ಹುಟ್ಟಿದ ಸಂಗತಿ ಹೇಳಬೇಕು. ಪೇಂಟರಿಗೆ ಅಕ್ಷರ ಕೈಗೆ ಕೂತಿತ್ತು. ಚಿತ್ರ ಮಾತ್ರ ಕೈಕೊಡುತ್ತಿತ್ತು. ಹಲ್ಲಿನ ಡಾಕ್ಟರ ಗೇಟಿಗೆ ಮೊದಲ ಸಲ ನಾಯಿ ಬರೆದಾಗ, ದಾರಿಹೋಕರು ಗೇಟು ತಟ್ಟಿ “ಮೇಕೆ ಮಾರೋದಿದೆಯಾ?” ಎಂದು ಕೇಳಿದರು. ಡಾಕ್ಟರು ಬೋರ್ಡ್ ವಾಪಸ್ ಕಳಿಸಿದರು. ಆ ಸಂಜೆ ಪೇಂಟರ್ ಹಾಲಿನ ತಂಬಿಗೆ ಒಳಗಿಟ್ಟು ಬಂದು, ಮನೆ ಬಾಗಿಲಲ್ಲಿ ಬೋರ್ಡನ್ನು ಮೊಣಕಾಲಿಗೆ ಆನಿಸಿಕೊಂಡು ಕೂತಿದ್ದ. ಎದುರಿನ ಬೆತ್ತದ ಕುರ್ಚಿಯಲ್ಲಿ ಅವನ ಮಾವ, ಅಂದರೆ ಹೆಂಡತಿಯ ತಂದೆ.

ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ತಕ್ಕಡಿಯ ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸಿದವರನ್ನು, ಸೇರಿನ ತಳ ಒಳಕ್ಕೆ ಗುದ್ದಿದವರನ್ನು ಹಿಡಿಯುತ್ತಾ ಆಯುಷ್ಯ ಕಳೆದವರು. ಮಗಳ ಕಾಲು ಉಳುಕಿತೆಂದು ನೋಡಲು ಬಂದಿದ್ದರು. ಕಾಲು ವಾಸಿಯಾಯಿತು, ಮಾವ ಉಳಿದರು. ನಿವೃತ್ತಿಯಾದ ಮೇಲೆ ಹಿಡಿಯಲು ಅವರಿಗೆ ಉಳಿದಿದ್ದವನು ಅಳಿಯ ಒಬ್ಬನೇ.

“ಎಲ್ಲಿಗೆ ಹೋಗಿದ್ರಿ ಅಳಿಯಂದ್ರೇ? ಹಾಲು ತರೋಕೆ ಇಷ್ಟು ಹೊತ್ತಾ?” ಎಂದು ಅವರು ಒಂದು ಹುಬ್ಬು ಏರಿಸಿದರು. ಪೇಂಟರ್ ತಲೆಯೆತ್ತಿ ನೋಡಿದ. ತಲೆ ತಗ್ಗಿಸಿದ. ಕೈ ತಾನಾಗಿಯೇ ಓಡಿತು. ಕಿವಿ, ನಾಲಿಗೆ, ಕೊರಳಪಟ್ಟಿ ನಾಯಿಯವು. ಉಳಿದದ್ದೆಲ್ಲ ಮಾವನದು.

ಆಮೇಲೆ ಆ ಗೇಟಿಗೆ ಹಲ್ಲುನೋವಿನವರೂ ಬರಲು ಹೆದರಿದರು. ಅಂಚೆಯವನು ದೂರದಿಂದಲೇ ಕೂಗಿ ಕಾಗದ ಎಸೆಯತೊಡಗಿದ. ಬೋರ್ಡ್ ಬೇಕೆಂದು ಬಂದವರಲ್ಲಿ ಮುಕ್ಕಾಲು ಪಾಲು ಜನರ ಮನೆಯಲ್ಲಿ ನಾಯಿಯೇ ಇರಲಿಲ್ಲ. ಬೋರ್ಡ್ ಹಾಕಿದ ಮನೆಗೆ ಕಳ್ಳರು ಕಾಲಿಡಲಿಲ್ಲ. ನನ್ನ ಬೀಗದ ವ್ಯಾಪಾರ ಇಳಿಯಿತು, ಅದಿರಲಿ. ಬಾಕಿ ಕೇಳಲು ಹೋದ ಪೇಂಟರ್ ತಾನೇ ಬರೆದ ಬೋರ್ಡಿನ ಮುಂದೆ ನಿಂತು, ಕೈಯಲ್ಲಿ ಹಾಲಿನ ತಂಬಿಗೆ ಇಲ್ಲದಿದ್ದರೂ ತಪ್ಪು ಮಾಡಿದವನಂತೆ ಹಿಂದಿರುಗಿ ಬಂದದ್ದೂ ಉಂಟು.

ಈ ಗುಟ್ಟು ಗೊತ್ತಿದ್ದದ್ದು ಅವನಿಗೆ ಮತ್ತು ನನಗೆ. ಅವನು ಹೇಳಿಕೊಂಡು ಹಗುರಾದ. ನಾನು ಹೇಳದೆ ಭಾರ ಹೊತ್ತುಕೊಂಡೆ.

ಸ್ಟಿಕ್ಕರ್ ಹಿಡಿದುಕೊಂಡು ಇಬ್ಬರೂ ಆ ಅಂಗಡಿಗೆ ಹೋದೆವು. ಅಂಗಡಿಯವನು ನಡುವಯಸ್ಸಿನವನು, ಬಿಳಿ ಷರಟು, ಸ್ಟಿಕ್ಕರ್ ಅಚ್ಚು ಹಾಕುವ ಯಂತ್ರದ ಗಾಳಿಯಲ್ಲಿ ತಲೆಕೂದಲು ಅಲ್ಲಾಡಿಸಿಕೊಂಡು ಕೂತಿದ್ದ.

“ಇದು ನನ್ನ ನಾಯಿ,” ಎಂದ ಪೇಂಟರ್.

“ಕರ್ಕೊಂಡು ಹೋಗಿ ಪೇಂಟರೇ. ನಾನೇನು ಕಟ್ಟಿಹಾಕಿದೀನಾ?”

“ನಾನು ಬರೆದದ್ದು ಕಣಯ್ಯಾ! ಗೇಟಿನಿಂದ ಫೋಟೋ ಹೊಡ್ಕೊಂಡು ಹೋಗಿ ಅಚ್ಚು ಹಾಕಿದೀಯ.”

“ನಾಯಿ ದೇವರು ಮಾಡಿದ್ದು. ಅವನು ಬಂದು ಕೇಳಲಿ, ಲೆಕ್ಕ ಒಪ್ಪಿಸ್ತೀನಿ,” ಎಂದು ಅವನು ಯಂತ್ರದ ಕಡೆ ತಿರುಗಿದ.

ಮಾರನೆಯ ದಿನವೇ ಅವನ ಅಂಗಡಿಯ ಮೇಲೆ ದೊಡ್ಡ ಫಲಕ ಬಂತು: ‘ನಮ್ಮ ಪ್ರಸಿದ್ಧ ನಾಯಿಯನ್ನು ನಕಲು ಮಾಡಿದವರ ಮೇಲೆ ಕಾನೂನು ಕ್ರಮ ಕೈಗೊಳ್ಳಲಾಗುವುದು.’ ಅದನ್ನು ಓದಿದ ಹಲ್ಲಿನ ಡಾಕ್ಟರು ಪೇಂಟರನ್ನು ಕರೆದು, “ಹಳೇ ಬೋರ್ಡ್ ಮಾಸಿದೆ ಅಂತ ಹೊಸದು ಬರೀ ಅಂದಿದ್ದೆ, ಬೇಡಪ್ಪ. ನೀನು ಬರೆದ್ರೆ ನಕಲು ಆಗುತ್ತಂತೆ. ನಾಳೆ ನನ್ನ ಮೇಲೂ ಕೇಸು ಬರಬಾರದು,” ಎಂದರು. ಹೀಗೆ ಒಬ್ಬೊಬ್ಬರೇ ಹಿಂದೆಗೆದರು. ಪೇಂಟರ್ ತಾನು ಹುಟ್ಟಿಸಿದ ನಾಯಿಗೆ ತಾನೇ ಕಳ್ಳನಾದ. ಅವನ ಅಂಗಡಿ ನಡೆಯುತ್ತಿದ್ದದ್ದೇ ಆ ನಾಯಿಯ ಮೇಲೆ.

ಅವನು ಪೊಲೀಸ್ ಠಾಣೆಗೆ ಹೋಗೋಣ ಎಂದ. ಜೊತೆಗೆ ಹೋದೆ. ದೂರು ಬರೆದುಕೊಳ್ಳುವ ಪೊಲೀಸಿನವರು ಪೆನ್ನಿನ ಮುಚ್ಚಳ ತೆಗೆದು ಕೂತರು.

“ಏನು ಕಳುವಾಗಿದೆ?”

“ನಾಯಿ ಸಾರ್.”

“ಬಣ್ಣ?”

“ಕಪ್ಪು. ನಾಲಿಗೆ ಕೆಂಪು. ಎಲ್ಲಾ ಎನಾಮಲ್ ಬಣ್ಣ.”

“ಎತ್ತರ?”

“ಗಿರಾಕಿ ಕೇಳಿದಷ್ಟು.”

ಪೊಲೀಸಿನವರು ತಲೆಯೆತ್ತಿದರು. ಮತ್ತೆ ತಗ್ಗಿಸಿದರು. “ಕಚ್ಚುತ್ತಾ?”

“ಇಲ್ಲ ಸಾರ್. ನೋಡುತ್ತೆ ಅಷ್ಟೆ.”

“ಕೊನೇ ಸಲ ಎಲ್ಲಿ ನೋಡಿದ್ರಿ?”

“ಹಲ್ಲಿನ ಡಾಕ್ಟರ ಗೇಟಲ್ಲಿ, ಅಂಚೆ ಕಚೇರಿ ಹಿಂದಿನ ಮನೇಲಿ, ಆಮೇಲೆ ನಿಮ್ಮ ಸಾಹೇಬರ ಮನೆ ಕಾಂಪೌಂಡಿನ ಮೇಲೆ.”

“ಒಂದೇ ನಾಯೀನಾ?”

“ಒಂದೇ.”

“ಒಂದೇ ಹೊತ್ತಿಗೆ?”

“ಹೌದು ಸಾರ್. ಈಗಲೂ ಅಲ್ಲೇ ಇದೆ.”

ಪೊಲೀಸಿನವರು ಪೆನ್ನಿಗೆ ಮುಚ್ಚಳ ಹಾಕಿದರು. ನನ್ನ ಕಡೆ ತಿರುಗಿ ಮೆಲ್ಲಗೆ, “ನೀವು ಇವರಿಗೆ ಏನಾಗ್ಬೇಕು? ಮನೇಲಿ ಹೇಳಿ ಬಂದಿದಾರಾ?” ಎಂದರು. ನಾನು ಸ್ಟಿಕ್ಕರ್ ತೋರಿಸಿ ವಿಷಯ ಬಿಡಿಸಿ ಹೇಳಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು, “ಇದು ವಕೀಲರ ಹತ್ರ ಹೋಗೋ ನಾಯಿ. ನಮ್ಮ ಕೈಲಾಗಲ್ಲ,” ಎಂದರು.

ಅಷ್ಟರಲ್ಲಿ ಠಾಣೆಯಲ್ಲಿ ಕೂತಿದ್ದ ಯಾರೋ ಅರ್ಧ ಕೇಳಿಸಿಕೊಂಡು ಹೋಗಿ ಪುರಸಭೆಗೆ ಸುದ್ದಿ ಮುಟ್ಟಿಸಿದ್ದರು. ಪೇಂಟರನ ಕಪ್ಪು ನಾಯಿ ತಪ್ಪಿಸಿಕೊಂಡು ಊರಿನ ಎಲ್ಲ ಗೇಟಿನಲ್ಲೂ ಕಾಣಿಸಿಕೊಳ್ಳುತ್ತಿದೆ ಎಂದು ಸಂಜೆಯೊಳಗೆ ನಾಯಿ ಹಿಡಿಯುವವರು ಬಲೆ ಹೊತ್ತು ಅವನ ಮನೆ ಬಾಗಿಲಿಗೆ ಬಂದರು. ಕುರ್ಚಿಯಲ್ಲಿ ಮಾವ ಇದ್ದರು. ಹುಬ್ಬು ಏರಿಸಿ, “ಗುರುತಿನ ಚೀಟಿ ತೋರ್ಸಿ. ಬಲೆಯ ಕಣ್ಣು ಎಷ್ಟು ಅಗಲ? ಅಳೆದಿದೀರಾ? ಯಾರು ಅಳೆದದ್ದು?” ಎಂದರು. ಅವರು ಬಲೆ ಮಡಚಿಕೊಂಡು ಹೋದರು. ಹೋಗುವಾಗ ಒಬ್ಬ ಇನ್ನೊಬ್ಬನಿಗೆ, “ಈ ಯಜಮಾನರನ್ನ ಎಲ್ಲೋ ನೋಡಿದೀನಿ ಕಣೋ,” ಎನ್ನುತ್ತಿದ್ದ.

ವಕೀಲಮ್ಮನ ಕೋಣೆ ಇಸ್ತ್ರಿ ಅಂಗಡಿಯ ಮೇಲಿತ್ತು. ಕೆಳಗಿನಿಂದ ಹಬೆ ಬಂದು ಕಾನೂನಿನ ಪುಸ್ತಕಗಳೆಲ್ಲ ಉಬ್ಬಿಕೊಂಡಿದ್ದವು. ನನಗೆ ಓದು ಅಷ್ಟಕ್ಕಷ್ಟೆ. ಆ ತಾಯಿ ಹೇಳಿದ್ದನ್ನು ನೆನಪಿದ್ದ ಹಾಗೆ ಹೇಳುತ್ತೇನೆ.

“ನಾಯಿ ಅನ್ನೋ ವಿಚಾರಕ್ಕೆ ಯಾರೂ ಒಡೆಯರಲ್ಲ. ಯಾರು ಬೇಕಾದ್ರೂ ನಾಯಿ ಬರೀಬಹುದು. ಆದ್ರೆ ಈ ಗೆರೆ, ಈ ನೋಟ, ಈ ಮುಖ, ಇದನ್ನ ನೀವು ನಿಮ್ಮ ಕೈಯಾರೆ ಮೊದಲು ಬರೆದಿದ್ರೆ, ಬರೆದ ಗಳಿಗೆಯಿಂದಲೇ ಇದು ನಿಮ್ಮದು. ಎಲ್ಲೂ ನೋಂದಾಯಿಸದೆ ಇದ್ರೂ ನಿಮ್ಮದೇ. ಕೃತಿಸ್ವಾಮ್ಯ ಅಂತಾರೆ. ನಿಮ್ಮನ್ನ ಕೇಳದೆ ಅಚ್ಚು ಹಾಕೋ ಹಾಗಿಲ್ಲ, ಮಾರೋ ಹಾಗಿಲ್ಲ, ಕೆಡಿಸಿ ತಿದ್ದೋ ಹಾಗೂ ಇಲ್ಲ.”

“ತಿದ್ದೋ ಹಾಗೂ ಇಲ್ವಾ?” ಎಂದು ಪೇಂಟರ್ ನೆಟ್ಟಗೆ ಕೂತ. ಅವನ ಜೀವಮಾನದಲ್ಲಿ ಅವನ ಬೋರ್ಡನ್ನು ತಿದ್ದಲು ಹೇಳದ ಗಿರಾಕಿಯೇ ಇರಲಿಲ್ಲ.

“ಇಲ್ಲ. ಆದ್ರೆ ಇದು ಎಲ್ಲಿಂದಲೋ ನೋಡಿ ಇಳಿಸಿದ್ದಲ್ಲ, ನಿಮ್ಮದೇ ಅಂತ ತೋರಿಸ್ಬೇಕು. ನಾಯಿಗೆ ಹುಬ್ಬಿರಲ್ಲ. ಇದಕ್ಕಿದೆ. ಇದೇ ನಿಮಗೆ ಬಲ. ಈ ಹುಬ್ಬು ಎಲ್ಲಿಂದ ಬಂತು?”

ಪೇಂಟರ್ ನನ್ನನ್ನು ನೋಡಿದ. ನಾನು ಇಸ್ತ್ರಿ ಅಂಗಡಿಯ ಹಬೆಯನ್ನು ನೋಡಿದೆ.

“ಕಲ್ಪನೆ ಮೇಡಂ,” ಎಂದ ಅವನು.

ಕೋರ್ಟಿಗೆ ಹೋಗುವ ಮೊದಲು ವರ್ತಕರ ಸಂಘದಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡೋಣ, ಅಲ್ಲೇ ಬಗೆಹರಿದರೆ ಒಳ್ಳೆಯದು ಎಂದು ವಕೀಲಮ್ಮ ದಿನ ಗೊತ್ತುಮಾಡಿದರು.

ಪೇಂಟರ್ ಮೆಟ್ಟಿಲಿಳಿದಾಗ ಬೇರೆ ಮನುಷ್ಯನಾಗಿದ್ದ. ಕೃತಿಸ್ವಾಮ್ಯ ಎಂಬ ಮಾತನ್ನು ಬೀದಿಯುದ್ದಕ್ಕೂ ಬಾಯಿಯಲ್ಲಿ ಹೊರಳಿಸುತ್ತಾ ನಡೆದ. ಡಾಕ್ಟರ ಗೇಟಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ ಗಂಡ ಹೆಂಡಿರನ್ನು ತಡೆದು, “ಹಿಂದೆ ನನ್ನ ನಾಯಿ ಬರ್ತಿದೆ, ಸ್ವಲ್ಪ ಆ ಕಡೆ ಸರೀರಿ,” ಎಂದ. ಯಾರಾದರೂ ಬೋರ್ಡನ್ನು ಹೆಚ್ಚು ಹೊತ್ತು ನೋಡಿದರೆ ಕೆಮ್ಮಿದ. ಇದನ್ನು ಬೀದಿ ಸುಮ್ಮನೆ ಬಿಡಲಿಲ್ಲ.

“ಹಾಗಾದ್ರೆ ನೀನು ಹಾಕ್ಕೊಂಡಿರೋ ಅಂಗಿ ಕಾಲರ್ ನನ್ನ ಕೃತಿ. ಬಿಚ್ಚಿಡು,” ಎಂದ ದರ್ಜಿ.

“ಮೀಸೆ ನನ್ನದು,” ಎಂದ ಕ್ಷೌರದವನು. “ಇನ್ಮೇಲೆ ಮನೇಲಿ ಕೂತು ಕತ್ತರಿ ಆಡಿಸೋ ಹಾಗಿಲ್ಲ. ಕೆಡಿಸಿ ತಿದ್ದಬಾರದು ಅಂತ ವಕೀಲಮ್ಮನೇ ಹೇಳಿದಾರಂತಲ್ಲ.”

ಪೇಂಟರ್ ನಗಲಿಲ್ಲ. ಮೀಸೆಯ ಮೇಲೆ ಕೈ ಇಟ್ಟುಕೊಂಡು ಯೋಚನೆ ಮಾಡಿದ. ಅವನಿಗೆ ಅದರಲ್ಲಿ ನ್ಯಾಯ ಕಂಡಿತ್ತು.

ಮನೆಯಲ್ಲಿ ಇದರ ಬಿಸಿ ಎಲ್ಲರಿಗಿಂತ ಹೆಚ್ಚು ತಗುಲಿದ್ದು ಮಾವನಿಗೆ. ಮೋಸ ಎಂಬ ಮಾತು ಕಿವಿಗೆ ಬಿದ್ದರೆ ಅವರಿಗೆ ನಿವೃತ್ತಿ ಮರೆತುಹೋಗುತ್ತಿತ್ತು.

“ಬಿಡಬಾರದು ಅಳಿಯಂದ್ರೇ. ನಾನು ಮುಂದಿನ ಸಾಲಲ್ಲೇ ಕೂರ್ತೀನಿ. ತನ್ನಿ ಆ ಬೋರ್ಡು, ನೋಡೋಣ,” ಎಂದರು.

ಪೇಂಟರ್ ಬೋರ್ಡನ್ನು ತಲೆಕೆಳಗಾಗಿ ಕೊಟ್ಟ. ಅವರು ನೆಟ್ಟಗೆ ಮಾಡಿಕೊಂಡು, ತೊಡೆಯ ಮೇಲಿಟ್ಟುಕೊಂಡು, ಬಹಳ ಹೊತ್ತು ನೋಡಿದರು.

“ಎಂಥಾ ಮುಖ ರೀ! ಇದನ್ನ ನೋಡಿದ್ರೆ ತಕ್ಕಡಿ ತಾನಾಗೇ ಸರಿಯಾಗ್ಬೇಕು. ಯಾರನ್ನೋ ನೋಡಿದ ಹಾಗಾಗುತ್ತಲ್ಲ, ಯಾರು ಅಂತ ಹೊಳೀತಿಲ್ಲ.”

ಬಟ್ಟೆ ಮಡಚುತ್ತಿದ್ದ ಹೆಂಡತಿ ಕತ್ತೆತ್ತಿ ಬೋರ್ಡನ್ನು ನೋಡಿದಳು. ಅಪ್ಪನನ್ನು ನೋಡಿದಳು. ಮತ್ತೆ ಬೋರ್ಡನ್ನು ನೋಡಿದಳು. ಮಡಚಿದ ಬಟ್ಟೆ ಕೈಯಿಂದ ಜಾರಿ ಬಿಚ್ಚಿಕೊಂಡಿತು.

“ರೀ, ಸ್ವಲ್ಪ ಒಳಗೆ ಬನ್ನಿ.”

ಅಡುಗೆಮನೆಯ ಕಿಟಕಿ ನನ್ನ ಅಂಗಡಿಯ ಹಿಂದಕ್ಕೆ ತೆರೆದುಕೊಳ್ಳುವುದರಿಂದ ಉಳಿದದ್ದು ನನಗೆ ಕೇಳಿಸಿತು.

“ಅಪ್ಪನ್ನ ನಾಯಿ ಮಾಡಿದೀರಾ?”

“ನಾಯೀನ ಅಪ್ಪ ಮಾಡಿದೀನಿ ಕಣೇ. ಗೌರವದಿಂದಲೇ ಮಾಡಿದ್ದು.”

“ಊರೆಲ್ಲಾ?”

“ಅರ್ಧ ಊರು.”

ಸ್ವಲ್ಪ ಹೊತ್ತು ಪಾತ್ರೆಗಳು ಮಾತಾಡಿದವು. ಆಮೇಲೆ ಅವಳು, “ಗೆದ್ದು ಬನ್ನಿ, ಬೇಡ ಅನ್ನಲ್ಲ. ಆದ್ರೆ ಆ ಸಭೇಲಿ ಅಪ್ಪನ ಹೆಸರು ನಿಮ್ಮ ಬಾಯಿಗೆ ಬಂದ್ರೆ, ಆ ಬೋರ್ಡನ್ನ ನಮ್ಮ ಬಾಗಿಲಿಗೇ ಹೊಡೀತೀನಿ. ನೀವು ಆಚೆ ಇರಿ,” ಎಂದಳು.

ಹೀಗೆ ಅವನ ಪರಿಸ್ಥಿತಿ ಆಯಿತು. ಹುಬ್ಬು ಎಲ್ಲಿಂದ ಬಂತೆಂದು ಹೇಳಿದರೆ ನಾಯಿ ಉಳಿಯುತ್ತದೆ, ಮನೆ ಹೋಗುತ್ತದೆ. ಹೇಳದಿದ್ದರೆ ಮನೆ ಉಳಿಯುತ್ತದೆ, ಅದನ್ನು ನಡೆಸುವ ನಾಯಿ ಹೋಗುತ್ತದೆ.

ಸಭೆಗೆ ಬೀದಿಯೆಲ್ಲ ಅಂಗಡಿ ಮುಚ್ಚಿ ಬಂದಿತ್ತು. ಅಧ್ಯಕ್ಷರು ಔಷಧಿ ಅಂಗಡಿಯ ಯಜಮಾನರು. ವರ್ಷಾನುಗಟ್ಟಲೆ ಡಾಕ್ಟರುಗಳ ಕೈಬರಹ ಓದಿ ಯಾವುದನ್ನು ನೋಡಿದರೂ ಅನುಮಾನದಿಂದ ದೂರ ಹಿಡಿಯುವ ಅಭ್ಯಾಸ ಅವರದು. ಮೊದಲ ಸಾಲಿನ ನಡುವೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮಾವ ಕೂತಿದ್ದರು. ಹಿಂದಿನ ಸಾಲಿನಲ್ಲಿ ಮಗಳು.

ಸ್ಟಿಕ್ಕರ್ ಅಂಗಡಿಯವನು ಎದ್ದು, “ಈ ನಾಯೀನ ನಾನು ನಮ್ಮ ಯಂತ್ರದಲ್ಲಿ ಸ್ವಂತ ಬರೆದದ್ದು. ಹುಬ್ಬು ನನ್ನ ತಲೆಯಲ್ಲಿ ಹೊಳೆದದ್ದು,” ಎಂದ.

“ಸರಿ. ಇಬ್ಬರೂ ಇಲ್ಲೇ, ನಮ್ಮೆದುರಿಗೆ ಬರೀರಿ. ಯಾರ ಕೈಯಿಂದ ಇದು ಬರುತ್ತೋ ಅವರದು,” ಎಂದರು ಅಧ್ಯಕ್ಷರು.

“ಯಂತ್ರ ಅಂಗಡೀಲಿದೆಯಲ್ಲ, ಹೊತ್ತು ತರೋಕಾಗಲ್ಲ. ಪೇಂಟರ್ ಬರೀಲಿ. ಬರೆದುಬಿಟ್ರೆ ಈ ನಾಯಿ ಸಹವಾಸವೇ ಬೇಡ, ಕೈಬಿಡ್ತೀನಿ,” ಎಂದ ಅವನು. ಅವನಿಗೆ ಇಷ್ಟು ಧೈರ್ಯ ಬರಲು ಕಾರಣವಿತ್ತು. ಪೇಂಟರ್ ಆಗಲೇ ಕುಂಚವನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದ.

ಅವನ ಒಂದು ಅಭ್ಯಾಸವನ್ನು ನಾನು ಮೊದಲೇ ಹೇಳಬೇಕಿತ್ತು. ಅಷ್ಟು ವರ್ಷಗಳಲ್ಲಿ ಅವನು ಆ ನಾಯಿಯನ್ನು ಒಮ್ಮೆಯೂ ನೆನಪಿನಿಂದ ಬರೆದವನಲ್ಲ. ಪ್ರತಿ ಸಲವೂ ಬಾಗಿಲಲ್ಲಿ ಕೂತು, ಒಂದು ಗೆರೆ ಎಳೆದು ಒಮ್ಮೆ ಕುರ್ಚಿ ನೋಡುತ್ತಿದ್ದ, ಇನ್ನೊಂದು ಗೆರೆ ಎಳೆದು ಇನ್ನೊಮ್ಮೆ ನೋಡುತ್ತಿದ್ದ. ಅಳಿಯ ಪದೇ ಪದೇ ತನ್ನ ಕಡೆ ಕಳ್ಳನೋಟ ನೋಡುತ್ತಾನೆಂದು ಮಾವನ ಅನುಮಾನ ಹೆಚ್ಚುತ್ತಿತ್ತು. ಅನುಮಾನ ಹೆಚ್ಚಿದಷ್ಟೂ ನಾಯಿ ಚೆನ್ನಾಗಿ ಬರುತ್ತಿತ್ತು.

ಅವನು ಕುಂಚ ಅದ್ದಿ, ಅಭ್ಯಾಸದಂತೆ ತಲೆಯೆತ್ತಿ ಮಾವನನ್ನು ನೋಡಿದ. ಮಾವ ನಗುತ್ತಿದ್ದರು.

ಅವರು ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಊರೆಲ್ಲ ಸೇರಿದೆ, ತನ್ನ ಅಳಿಯ ನ್ಯಾಯಕ್ಕಾಗಿ ನಿಂತಿದ್ದಾನೆ, ಇನ್ನೇನು ಗೆಲ್ಲುತ್ತಾನೆ ಎಂದು ಅವರ ಮುಖ ಅರಳಿ ಹಲ್ಲೆಲ್ಲ ಕಾಣುತ್ತಿದ್ದವು. ಎರಡು ಹುಬ್ಬೂ ಸಮಾಧಾನವಾಗಿ ಅವುಗಳ ಜಾಗದಲ್ಲಿ ಮಲಗಿದ್ದವು. ಪೇಂಟರ್ ನೋಡಿದ, ಬರೆದ. ನೋಡಿದ, ಬರೆದ. ಹಲಗೆಯ ಮೇಲೆ ಬಂದ ನಾಯಿ ಬಂದವರನ್ನೆಲ್ಲ ಒಳಗೆ ಕರೆದು ಕೂರಿಸಿ ಕುಶಲ ವಿಚಾರಿಸುವ ಹಾಗಿತ್ತು.

“ಇದ್ಯಾವ ನಾಯಿ ಸ್ವಾಮೀ?” ಎಂದು ಸ್ಟಿಕ್ಕರ್ ಅಂಗಡಿಯವನು ಎದ್ದುನಿಂತ. “ಇದನ್ನ ಗೇಟಿಗೆ ಹಾಕಿದ್ರೆ ಕಳ್ಳರು ಚಪ್ಪಲಿ ಬಿಟ್ಟು ಒಳಗೆ ಬರ್ತಾರೆ!”

ಸಭೆ ನಕ್ಕಿತು. ಪೇಂಟರ್ ಒರೆಸಿದ, ಮತ್ತೆ ಬರೆದ. ಮಾವ ಧೈರ್ಯ ಕೊಡಲೆಂದು ಇನ್ನಷ್ಟು ನಕ್ಕರು. ನಾಯಿ ಇನ್ನಷ್ಟು ಒಳ್ಳೆಯದಾಯಿತು. ಅವನ ಹಣೆಯ ಬೆವರು ಬಣ್ಣದ ಡಬ್ಬಿಗೆ ಬೀಳುತ್ತಿತ್ತು. ಅಧ್ಯಕ್ಷರು ಹಲಗೆಯನ್ನು ದೂರದಿಂದ ನೋಡಿ, “ಪೇಂಟರೇ, ಇದು ಅದಲ್ಲ ಅಂತ ಹೇಳೋಕೆ ಬೇಜಾರಾಗ್ತಿದೆ,” ಎಂದು ಬಾಯಿ ತೆರೆದರು.

ಆಗ ಹಿಂದಿನ ಸಾಲಿನಿಂದ ಮಗಳು ಎದ್ದು ಬಂದಳು. ಗಂಡನ ಮುಖ ನೋಡಲಿಲ್ಲ. ಅಪ್ಪನ ಕಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ ಅಂದಳು:

“ಅಪ್ಪಾ, ಬೆಳಿಗ್ಗೆ ಸಕ್ಕರೆ ತಂದದ್ದು ಇವರು. ತೂಕ ನೋಡದೇ ತಂದಿದಾರೆ.”

ನಗು ನಿಂತಿತು. ಮಾವನ ತಲೆ ಮೆಲ್ಲಗೆ ಅಳಿಯನ ಕಡೆ ತಿರುಗಿತು. ಕೆಳದವಡೆ ಮುಂದಕ್ಕೆ ಬಂತು. ಒಂದು ಹುಬ್ಬು ಹೊರಟು ಏರುತ್ತಾ ಏರುತ್ತಾ ಹಣೆಯ ನಡುವಿನಲ್ಲಿ ಹೋಗಿ ನಿಂತಿತು. ಮುಂದಿನ ಸಾಲಿನ ದಿನಸಿ ಅಂಗಡಿಯವನು ಕಾರಣವಿಲ್ಲದೆ ಎದ್ದು ಬಾಗಿಲ ಬಳಿ ಹೋದ.

ಪೇಂಟರ್ ಕೈ ಓಡಿತು. ನಾನು ಕೀಲಿಕೈ ಉಜ್ಜುವುದಕ್ಕಿಂತ ಬೇಗ ಮುಗಿಯಿತು. ಹಲಗೆಯ ಮೇಲೆ ನಾಯಿ ಬಂದಿತ್ತು, ಅದೇ ನಾಯಿ. ಸಭೆ ಹಲಗೆ ನೋಡಿತು, ಕುರ್ಚಿ ನೋಡಿತು, ಮತ್ತೆ ಹಲಗೆ ನೋಡಿತು. ಅಧ್ಯಕ್ಷರು ಎರಡನ್ನೂ ದೂರದಿಂದ ಹೋಲಿಸಿ ಕೆಮ್ಮಿ, “ನಕಲಿನ ಮಾತೇ ಬೇಡ. ಅಸಲು ಇಲ್ಲೇ ಕೂತಿದೆ,” ಎಂದರು.

ಮಾವ ಎದ್ದರು. ಮಗಳು ಕಣ್ಣು ಮುಚ್ಚಿಕೊಂಡಳು. ಜಗಳದಲ್ಲಿ ಚೆಲ್ಲಿದರೆ ಸಂಘದ ನೆಲ ಹಾಳು ಎಂದು ನಾನು ಬಣ್ಣದ ಡಬ್ಬಿಯನ್ನು ಗೋಡೆಗೆ ಸರಿಸಿದೆ. ಅವರು ಹಲಗೆಯ ಮುಂದೆ ಹೋಗಿ ನಿಂತು, ಕೈ ಹಿಂದೆ ಕಟ್ಟಿಕೊಂಡು ನೋಡಿದರು.

“ಇದು ನಾನು.”

ಪೇಂಟರ್ ನೆಲ ನೋಡಿದ. “ಕಿವಿ ಬೇರೆ ಮಾವ. ನಾಲಿಗೆನೂ ಬೇರೆ.”

“ಈ ಬೋರ್ಡಿರೋ ಮನೇಲಿ ಕಳ್ಳತನ ಆಗಿದೆಯಾ?”

“ಒಂದೂ ಇಲ್ಲ.”

ಮಾವ ಅಂಗಿಯ ಕೊರಳು ಸರಿಮಾಡಿಕೊಂಡರು. “ಅಂದ್ರೆ ಇಲಾಖೆ ಬಿಟ್ಟ ಮೇಲೂ ನಾನು ಕೆಲಸದಲ್ಲೇ ಇದೀನಿ,” ಎಂದರು. ಸಭೆಯಲ್ಲಿ ಯಾರೋ ಚಪ್ಪಾಳೆ ಹೊಡೆದರು. ಸ್ಟಿಕ್ಕರ್ ಅಂಗಡಿಯವನು ಫಲಕ ಇಳಿಸಲು, ನಾಯಿಯನ್ನು ಕೈಬಿಡಲು ಒಪ್ಪಿದ. ಹಲ್ಲಿನ ಡಾಕ್ಟರು ಅಲ್ಲೇ ಹೊಸ ಬೋರ್ಡ್ ಬೇಕೆಂದರು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾವ ಹಲಗೆಯ ಮುಂದಿನಿಂದ ಕದಲಲಿಲ್ಲ.

“ಎಲ್ಲಾ ಸರಿ ಅಳಿಯಂದ್ರೇ. ಹುಬ್ಬು ತಪ್ಪಾಗಿದೆ. ನಾನು ಏರಿಸೋದು ಈ ಕಡೇದು. ನೀವು ಆ ಕಡೇದು ಏರಿಸಿದೀರಿ. ತಿದ್ದಿ.”

“ಎದುರಿಂದ ನೋಡಿದ್ರೆ ಹಾಗೇ ಕಾಣೋದು ಮಾವ. ನೀವು ಕನ್ನಡೀಲಿ ನೋಡ್ಕೊಳ್ಳೋದ್ರಿಂದ...”

“ಹುಟ್ಟಿದಾಗಿಂದ ಈ ಮುಖಕ್ಕೆ ನಾನೇ ಕ್ಷೌರ ಮಾಡ್ತಿದೀನಿ. ನನ್ನ ಹುಬ್ಬು ಯಾವ ಕಡೆ ಅಂತ ನನಗೆ ಗೊತ್ತಿಲ್ವಾ? ತಿದ್ದಿ.”

ಬೇರೆ ದಿನವಾಗಿದ್ದರೆ ಪೇಂಟರ್ ತಿದ್ದುತ್ತಿದ್ದ. ಹುಬ್ಬೇನು, ಹೇಳಿದ್ದರೆ ಬಾಲವನ್ನೂ ತಿದ್ದುತ್ತಿದ್ದ. ಆದರೆ ಅವನು ಆಗ ತಾನೇ ಗೆದ್ದಿದ್ದ. ಎದೆಯ ತುಂಬ ಕೃತಿಸ್ವಾಮ್ಯ ಇತ್ತು.

“ಕ್ಷಮಿಸಬೇಕು ಮಾವ. ಮುಖ ನಿಮ್ಮದಿರಬಹುದು. ಕೃತಿ ನನ್ನದು. ತಿದ್ದೋ ಹಾಗಿಲ್ಲ,” ಎಂದು ವಕೀಲಮ್ಮನ ಕಡೆ ನೋಡಿದ. ವಕೀಲಮ್ಮ ಚೀಲ ಎತ್ತಿಕೊಂಡು, “ಇದು ಮನೆ ವಿಷಯ,” ಎಂದು ಹೊರಟರು.

ಅಂದಿನಿಂದ ಮಾವ ಮಾತು ಬಿಟ್ಟರು. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತರು. ಪೇಂಟರಿಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನು ನೋಡಿ ನಾಯಿ ಬರೆಯಲು ಆಗಲಿಲ್ಲ. “ಬಣ್ಣ ಒಣಗ್ತಿಲ್ಲ,” ಎಂದು ಗಿರಾಕಿಗಳನ್ನು ದಿನ ದೂಡಿದ. ಆ ಸೆಕೆಯಲ್ಲಿ ಬಣ್ಣ ಡಬ್ಬಿಯಲ್ಲೇ ಒಣಗುತ್ತಿತ್ತು.

ಇದನ್ನು ಕೇಳಿದ ಸ್ಟಿಕ್ಕರ್ ಅಂಗಡಿಯವನು ಒಂದು ಬೆಳಿಗ್ಗೆ ಹಣ್ಣಿನ ಚೀಲ ಹಿಡಿದು ಬಂದ. ಪೇಂಟರನ್ನು ದಾಟಿ ಹೋಗಿ ಮಾವನಿಗೆ ಕೈಮುಗಿದ.

“ಯಜಮಾನರೇ, ಪೇಂಟರ ನಾಯಿ ನನಗೆ ಬೇಡ, ಮಾತು ಕೊಟ್ಟಿದೀನಿ. ಆದ್ರೆ ನಾಯಿಯ ವೇಷ ಯಾಕೆ ನಿಮಗೆ? ನಿಮ್ಮ ಫೋಟೋನೇ ತೆಗೀತೀವಿ. ನಿಮ್ಮ ಹಾಗೇ, ಅಂಗಿ ಹಾಕ್ಕೊಂಡು. ಕೆಳಗೆ ‘ಎಚ್ಚರಿಕೆ’ ಅಂತ ಒಂದೇ ಮಾತು. ನಮ್ಮಣ್ಣನ ಊರಲ್ಲಿ ಅವನದೇ ಸ್ಟುಡಿಯೋ, ದೊಡ್ಡ ಕ್ಯಾಮೆರಾ ಇದೆ. ಅವನ ಮನೇಲೇ ಇರಬಹುದು ನೀವು.”

“ಹುಬ್ಬು?”

“ನಮ್ಮ ಯಂತ್ರದಲ್ಲಿ ಯಾವ ಕಡೆ ಅಂದ್ರೆ ಆ ಕಡೆ.”

ಪೇಂಟರ್ ಕುಂಚ ಹಿಡಿದೇ ವಕೀಲಮ್ಮನ ಹತ್ತಿರ ಓಡಿದ. ಅವರು ಹಬೆಯ ನಡುವೆಯಿಂದ, “ಫೋಟೋ ಬೇರೆ ಕೃತಿ. ನಿಮ್ಮ ಚಿತ್ರದ ಮೇಲೆ ನಿಮಗೆ ಹಕ್ಕು, ನಿಮ್ಮ ಮಾವನ ಮೇಲೆ ಇಲ್ಲ,” ಎಂದರು. ಅವನು ವಾಪಸ್ ಬರುವಷ್ಟರಲ್ಲಿ ಮಾವ ಪೆಟ್ಟಿಗೆ ಕಟ್ಟಿಯಾಗಿತ್ತು. ಅವರು ಎಂದು ಹೋಗುತ್ತಾರೋ ಎಂದು ವರ್ಷಗಳಿಂದ ನನ್ನ ಅಂಗಡಿಯಲ್ಲಿ ಕೂತು ಕೊರಗಿದವನು, ಪೆಟ್ಟಿಗೆಯ ಇನ್ನೊಂದು ಹಿಡಿ ಹಿಡಿದುಕೊಂಡು ಬಿಡಲೇ ಇಲ್ಲ.

“ಬಿಡಿ ಅಳಿಯಂದ್ರೇ,” ಎಂದರು ಮಾವ, ಅಷ್ಟು ದಿನಗಳ ಮೇಲೆ. “ನೀವು ಗೆದ್ದಿದೀರಿ. ನಾಯಿ ಪೂರ್ತಿ ನಿಮ್ಮದು.”

ನಾಯಿ ಪೂರ್ತಿ ಅವನದಾಯಿತು. ಅವರು ಹೋದ ಮಾರನೆಯ ದಿನ ಅವನು ಬೋರ್ಡ್ ಮೊಣಕಾಲಿಗೆ ಆನಿಸಿಕೊಂಡು, ಗೆರೆ ಎಳೆದು, ತಲೆಯೆತ್ತಿ ಖಾಲಿ ಕುರ್ಚಿ ನೋಡಿದ. ಎಳೆದ. ನೋಡಿದ. ಕಿವಿ ಬಂತು, ನಾಲಿಗೆ ಬಂತು, ಕೊರಳಪಟ್ಟಿ ಬಂತು. ನಡುವೆ ಏನೂ ಬರಲಿಲ್ಲ. ಸಂಜೆಯವರೆಗೂ ಹಾಗೇ ಕೂತಿದ್ದವನ ಮುಂದೆ ಹೆಂಡತಿ ಬಂದು ನಿಂತು, ಅವನ ಚಪ್ಪಲಿಗಳನ್ನು ತಂದು ಕಾಲಿನ ಹತ್ತಿರ ಜೋಡಿಸಿದಳು.

“ಅಪ್ಪನ ಹತ್ರ ಹೋಗಿ, ಯಾವ ಹುಬ್ಬು ಬೇಕಾದ್ರೂ ಏರಿಸ್ತೀನಿ ಅಂತ ಹೇಳಿ. ಎರಡೂ ಬೇಕು ಅಂದ್ರೆ ಎರಡೂ ಏರಿಸಿ. ಬರಲ್ಲ ಅಂದ್ರೆ ನೀವೂ ಅಲ್ಲೇ ಇದ್ದು, ಎದುರಿಗೆ ಕೂತು ಬರ್ಕೊಂಡು ಕಳಿಸಿ,” ಎಂದಳು.

ಅವನು ಹೂಂ ಎಂದ. ಅಂಗಡಿಯ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು, ಒಂದು ಖಾಲಿ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು, ಕುಂಚವನ್ನು ಜೇಬಿಗೆ ಸಿಕ್ಕಿಸಿಕೊಂಡ. ಮಾವ ಹೋದದ್ದು ಬುಧವಾರ, ಸ್ಟಿಕ್ಕರ್ ಅಂಗಡಿಯವನ ಕಾರಿನಲ್ಲಿ, ಮುಂದಿನ ಸೀಟಿನಲ್ಲಿ. ಪೇಂಟರ್ ಹೋದದ್ದು ಶುಕ್ರವಾರ, ಬೆಳಗಿನ ಮೊದಲ ಬಸ್ಸಿನಲ್ಲಿ, ನಿಂತುಕೊಂಡು.